ರಾಜಧರ್ಮಪ್ರವೀಣ ತಂಬುಚೆಟ್ಟಿಯವರು

ಅಧಿಕಾರದ ಪದವಿಗಳು ಲೋಕದಲ್ಲಿ ಅನೇಕವಿವೆ. ಅವುಗಳಲ್ಲಿ ನ್ಯಾಯಾಧೀಶನ ಪದವಿಯಷ್ಟು ಕಠಿನವಾದುದು ವಿರಳ. ದಂಡನಾಯಕನ ಬೆನ್ನಿಗೆ ಸೈನ್ಯವಿರುತ್ತದೆ. ಭಂಡಾರಿಯ ಕೈಯಲ್ಲಿ ಬೊಕ್ಕಸದ ಬೀಗದ ಕೈ ಇರುತ್ತದೆ. ಮಂತ್ರಿಗೆ ಅರಸನ ಕೃಪೆಯಿರುತ್ತದೆ. ನ್ಯಾಯಪೀಠದಲ್ಲಿ ಕುಳಿತವನಿಗೆ ಜನರ ವಿಶ್ವಾಸವೊಂದೇ ಬಲ. ಅವನೆದುರು ನಿಂತ ಇಬ್ಬರಲ್ಲಿ ಒಬ್ಬನು ಸೋಲಲೇಬೇಕು. ಸೋತವನೂ ‘ನನ್ನ ಮಾತನ್ನು ಪೂರ್ತಿಯಾಗಿ ಕೇಳಿದರು’ ಎಂಬ ಸಮಾಧಾನದಿಂದ ಮನೆಗೆ ಮರಳಿದರೆ ಆ ಪೀಠ ಸಾರ್ಥಕವಾಯಿತು.

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ, ಕೃಷ್ಣರಾಜಪುರದ ಬಳಿ, ತಂಬುಚೆಟ್ಟಿಪಾಳ್ಯವೆಂಬ ಬಡಾವಣೆಯಿದೆ. ಜನರ ಬಾಯಲ್ಲಿ ಅದು ‘ಟಿ.ಸಿ. ಪಾಳ್ಯ’ವಾಗಿದೆ. ಶಿವಾಜಿನಗರದಿಂದಲೋ ಹಲಸೂರಿನಿಂದಲೋ ದಿನವೂ ಆ ಕಡೆಗೆ ಹೋಗಿ ಬರುವ ನಮ್ಮ ಸಮಾಜದ ಸಾವಿರಾರು ಮಂದಿಗೆ, ಆ ಎರಡು ಅಕ್ಷರಗಳ ಹಿಂದೆ ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಧೀಶರೊಬ್ಬರ ಮನೆತನದ ಹೆಸರು ಅಡಗಿದೆಯೆಂಬುದು ತಿಳಿದಿರಲಾರದು. ಮೈಸೂರಿನ ಚೀಫ್ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶರ ಪೀಠವನ್ನೇರಿದ ಮೊಟ್ಟಮೊದಲ ಭಾರತೀಯರು ಅವರು. ರಾಜಧರ್ಮಪ್ರವೀಣ ಟಿ.ಆರ್.ಎ. ತಂಬುಚೆಟ್ಟಿಯವರು.

ಕ್ರೈಸ್ತರಾಗಿದ್ದ, ದೂರದ ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ಒಬ್ಬರ ಚರಿತ್ರೆಯನ್ನು ಲಿಂಗಾಯತ ಸಮಾಜದ ಈ ಮಾಸಪತ್ರಿಕೆಯಲ್ಲಿ ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ. ಓದುಗ ಬಂಧುಗಳು ಕೊನೆಯವರೆಗೂ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಕಾರಕೂನಿಕೆಯಿಂದ ನ್ಯಾಯಪೀಠಕ್ಕೆ

ತಿರುಚಿನಾಪಳ್ಳಿ ರಾಯಲು ಆರೋಗ್ಯಸ್ವಾಮಿ ತಂಬುಚೆಟ್ಟಿಯವರು ಜನಿಸಿದ್ದು 1837ರ ಏಪ್ರಿಲ್ ತಿಂಗಳಿನಲ್ಲಿ. ಅವರದು ಕ್ಯಾಥೊಲಿಕ್ ಮನೆತನ. ವಿದ್ಯಾಭ್ಯಾಸವಾದದ್ದು ಮದರಾಸಿನ ಫ್ರೀ ಚರ್ಚ್ ಮಿಷನ್ನಿನ ಶಾಲೆಯಲ್ಲಿ. ಆಗ ಮದರಾಸಿನಲ್ಲಿ ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ. ಅದು ಸ್ಥಾಪನೆಯಾದದ್ದು 1857ರಲ್ಲಿ. ಆ ಕಾಲದ ಹುಡುಗರು ಶಾಲೆಯಲ್ಲಿ ಕಲಿತಷ್ಟನ್ನು ಕಟ್ಟಿಕೊಂಡು ಕಚೇರಿಗೆ ಸೇರುತ್ತಿದ್ದರು. ಮಿಕ್ಕದ್ದನ್ನು ಕೆಲಸವೇ ಕಲಿಸುತ್ತಿತ್ತು. ತಂಬುಚೆಟ್ಟಿಯವರೂ ಹಾಗೆಯೇ ಸಣ್ಣ ಕಾರಕೂನಿಕೆಯಿಂದ ಜೀವನವನ್ನು ಆರಂಭಿಸಿದರು.

1860ರ ದಶಕದ ಉತ್ತರಾರ್ಧದಲ್ಲಿ ಅವರು ಮೈಸೂರು ಸೀಮೆಗೆ ಬಂದರು. ನ್ಯಾಯಾಡಳಿತದ ಕಚೇರಿಯಲ್ಲಿ ಹೆಡ್ ಮುನ್ಷಿಯ ಕೆಲಸ ದೊರೆಯಿತು. ಮುನ್ಷಿಯೆಂದರೆ ಕೇವಲ ಬರಹಗಾರನಲ್ಲ. ರೈತನು ತನ್ನ ಭಾಷೆಯಲ್ಲಿ ಹೇಳಿಕೊಂಡ ದುಃಖವನ್ನು ಇಂಗ್ಲಿಷ್ ಅಧಿಕಾರಿಗೆ ಅರ್ಥವಾಗುವಂತೆ ಮಾಡುವವನು, ಇಂಗ್ಲಿಷಿನಲ್ಲಿ ಬರೆದ ಆಜ್ಞೆಯನ್ನು ರೈತನ ಮನೆಯ ಬಾಗಿಲಿಗೆ ತಲುಪಿಸುವವನು ಅವನೇ. ಒಂದು ಶಬ್ದವನ್ನು ಸಡಿಲವಾಗಿ ಬಳಸಿದರೂ ಒಬ್ಬನ ಹೊಲ ಇನ್ನೊಬ್ಬನ ಪಾಲಾಗಬಹುದಾಗಿದ್ದ ಕೆಲಸವದು. ಇಂತಹ ಕೆಲಸವನ್ನು ವರ್ಷಗಟ್ಟಲೆ ಮಾಡಿದವರಿಗೆ ಮಾತಿನ ತೂಕ ತಿಳಿಯುತ್ತದೆ. ಮುಂದೆ ಅವರು ನ್ಯಾಯಾಧಿಕಾರಿಯಾಗಿ ಹಂತಹಂತವಾಗಿ ಮೇಲೇರಿದರು.

ಅಂದಿನ ನ್ಯಾಯವ್ಯವಸ್ಥೆ

ಅವರು ಏರಿದ ಎತ್ತರವನ್ನು ಅರಿಯಬೇಕಾದರೆ ಅಂದಿನ ನ್ಯಾಯವ್ಯವಸ್ಥೆಯ ಪರಿಚಯ ಅವಶ್ಯಕ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಸರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸಿವಿಲ್ ವ್ಯಾಜ್ಯಗಳಲ್ಲಿ ಪಂಚಾಯಿತಿದಾರರ ಅಭಿಪ್ರಾಯಕ್ಕೂ ಸ್ಥಾನವಿತ್ತು. 1862ರಲ್ಲಿ ಬೌರಿಂಗ್ ಸಾಹೇಬರು ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ 3 ವಿಭಾಗಗಳಾಗಿಯೂ 8 ಜಿಲ್ಲೆಗಳಾಗಿಯೂ ವಿಂಗಡಿಸಿ, ಲಿಖಿತ ಕಾಯಿದೆಗಳ ಆಡಳಿತವನ್ನು ಬಲಪಡಿಸಿದರು. ಆದರೂ ತಾಲ್ಲೂಕಿನಲ್ಲಿ ಕಂದಾಯ ವಸೂಲು ಮಾಡುವ ಅಮಲ್ದಾರನೇ ವ್ಯಾಜ್ಯಗಳನ್ನೂ ವಿಚಾರಿಸುತ್ತಿದ್ದನು. ಕಂದಾಯ ಬಾಕಿಯಿರುವ ರೈತನು ಅದೇ ಅಧಿಕಾರಿಯ ಮುಂದೆ ನ್ಯಾಯ ಕೇಳುವುದಾದರೂ ಹೇಗೆ? 1870ರ ದಶಕದಲ್ಲಿ ಮುನ್ಸೀಫರ ನ್ಯಾಯಾಲಯಗಳು ಏರ್ಪಟ್ಟ ಮೇಲೆ ಈ ತೊಡಕು ಸ್ವಲ್ಪಮಟ್ಟಿಗೆ ಸಡಿಲವಾಯಿತು.

ಅಷ್ಟರಲ್ಲಿಯೇ 1876ರಿಂದ 78ರವರೆಗಿನ ಭೀಕರ ಕ್ಷಾಮ ಬಂದೆರಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕಿಳಿಯಿತು. ಮನೆಗಳು ಹಾಳುಬಿದ್ದವು, ಊರುಗಳು ಬರಿದಾದವು. ಬದುಕಿ ಉಳಿದವರೆದುರು ಸಾಲ, ಅಡವು, ವಾರಸುದಾರಿಕೆ, ಗಡಿಗಳ ವ್ಯಾಜ್ಯಗಳು ನಿಂತವು. ಇಂತಹ ನೊಂದ ನಾಡಿನಲ್ಲಿ ನ್ಯಾಯ ವಿಚಾರಿಸುವ ಹೊಣೆ ತಂಬುಚೆಟ್ಟಿಯವರ ತಲೆಮಾರಿನ ನ್ಯಾಯಾಧಿಕಾರಿಗಳದಾಗಿತ್ತು.

1881ರ ಮಾರ್ಚ್ 25ರಂದು ಸಂಸ್ಥಾನವು ಮರಳಿ ಒಡೆಯರ ಮನೆತನಕ್ಕೆ ಬಂದಿತು. ಶ್ರೀ ಚಾಮರಾಜೇಂದ್ರ ಒಡೆಯರು ಸಿಂಹಾಸನವನ್ನೇರಿದರು, ರಂಗಾಚಾರ್ಲು ದಿವಾನರಾದರು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಸೇರಿತು. ಅಲ್ಲಿಯವರೆಗೆ ಜುಡಿಷಿಯಲ್ ಕಮಿಷನರೆಂಬ ಒಬ್ಬ ಅಧಿಕಾರಿಯ ಮಾತೇ ನ್ಯಾಯವಿಷಯದಲ್ಲಿ ಕಡೆಯ ಮಾತಾಗಿತ್ತು. 1884ರಲ್ಲಿ ಆ ಪದ್ಧತಿ ಹೋಗಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪಿತವಾಯಿತು. ಒಬ್ಬನ ತಲೆಗೆ ಹೊಳೆಯದುದು ಇನ್ನೊಬ್ಬನಿಗೆ ಹೊಳೆಯುತ್ತದೆ. ಒಬ್ಬನ ಕೋಪವನ್ನು ಇನ್ನೊಬ್ಬನ ಶಾಂತಿ ತಡೆಯುತ್ತದೆ. ಮೂವರು ಕೂಡಿ ಕುಳಿತು ತೀರ್ಮಾನಿಸುವ ಕ್ರಮದ ಹಿಂದಿರುವ ವಿವೇಕ ಇದು.

ಆ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು, ತರುವಾಯ ಅದರ ಮುಖ್ಯ ನ್ಯಾಯಾಧೀಶರಾದವರು ತಂಬುಚೆಟ್ಟಿಯವರು. ಅದುವರೆಗೆ ಸಂಸ್ಥಾನದ ನ್ಯಾಯಾಡಳಿತದ ಶಿಖರದಲ್ಲಿ ಯೂರೋಪಿಯನ್ನರೇ ಇರುತ್ತಿದ್ದರು. ಭಾರತೀಯನೊಬ್ಬನು ಕಾಯಿದೆಯನ್ನು ಅರಿತಾನು, ಆದರೆ ಬಂಧುಬಳಗದ, ಜಾತಿಮತದ ಒತ್ತಡವನ್ನು ಮೀರಿ ನಿಲ್ಲಲಾರನೆಂಬ ಅಪನಂಬಿಕೆ ಅಂದಿನ ಆಳರಸರಲ್ಲಿ ಬಲವಾಗಿತ್ತು. ಆ ಅಪನಂಬಿಕೆಗೆ ವಾದದಿಂದ ಉತ್ತರ ಕೊಡಲು ಸಾಧ್ಯವಿರಲಿಲ್ಲ, ನಡತೆಯಿಂದಲೇ ಕೊಡಬೇಕಾಗಿತ್ತು. ಮಹಾರಾಜರು ಅವರಿಗೆ ದಯಪಾಲಿಸಿದ ಬಿರುದು ‘ರಾಜಧರ್ಮಪ್ರವೀಣ’. ಅರಸನ ಧರ್ಮದಲ್ಲಿ ಪ್ರವೀಣನೆಂಬ ಬಿರುದು ಸೇನಾನಿಗೆ ಸಲ್ಲದೆ ನ್ಯಾಯಾಧೀಶನಿಗೆ ಸಂದದ್ದು ಗಮನಾರ್ಹ. ದುರ್ಬಲನ ಮೊರೆಯನ್ನು ಆಲಿಸುವುದೇ ರಾಜಧರ್ಮದ ತಿರುಳೆಂಬ ನಮ್ಮ ಪೂರ್ವಜರ ತಿಳಿವಳಿಕೆ ಆ ಒಂದು ಶಬ್ದದಲ್ಲಿದೆ. ಮುಂದಿನ ಕಾಲದಲ್ಲಿಯೂ ಮೈಸೂರಿನ ಹಿರಿಯ ನ್ಯಾಯಾಧೀಶರಿಗೆ ಅದೇ ಬಿರುದು ಸಲ್ಲುತ್ತ ಬಂದಿತು. 1895ರಲ್ಲಿ ಬ್ರಿಟಿಷ್ ಸರ್ಕಾರವೂ ಅವರನ್ನು ಸಿ.ಐ.ಇ. ಪದವಿಯಿಂದ ಗೌರವಿಸಿತು.

ಎರಡು ಬೆಂಗಳೂರುಗಳು

ಇಂದಿನ ತರುಣರಿಗೆ ವಿಚಿತ್ರವೆನಿಸಬಹುದಾದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಆಗ ಬೆಂಗಳೂರು ಒಂದಾಗಿರಲಿಲ್ಲ. ಪೇಟೆ ಮತ್ತು ಕೋಟೆಯ ಭಾಗ ಮೈಸೂರು ಮಹಾರಾಜರದು. ಶಿವಾಜಿನಗರ, ಹಲಸೂರುಗಳನ್ನೊಳಗೊಂಡ ದಂಡಿನ ಪ್ರದೇಶ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿತ್ತು. ಹಲಸೂರಿನ ಸೋಮೇಶ್ವರ ದೇವಾಲಯದ ಬೀದಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಮನೆಯ ಗೋಡೆಗಾಗಿ ಜಗಳವಾಡಿದರೆ, ಆ ವ್ಯಾಜ್ಯವು ದಂಡಿನ ನ್ಯಾಯಾಲಯಕ್ಕೆ ಹೋಗಿ, ಕಡೆಗೆ ರೆಸಿಡೆಂಟನ ಮುಂದೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನಡೆದು ಕೃಷ್ಣರಾಜಪುರದ ಕಡೆಗೆ ಹೋದರೆ ಮತ್ತೆ ಮೈಸೂರಿನ ಸೀಮೆ, ಮೈಸೂರಿನ ಕಾನೂನು, ಮೈಸೂರಿನ ಚೀಫ್ ಕೋರ್ಟು. ಇಂದು ಇಂದಿರಾನಗರವೆಂದು ಹೆಸರಾದ ಪ್ರದೇಶ ಆಗ ಬಿನ್ನಮಂಗಲ, ದೂಪನಹಳ್ಳಿ ಮೊದಲಾದ ಊರುಗಳ ಹೊಲಗದ್ದೆಯಾಗಿತ್ತು.

ಚೀಫ್ ಕೋರ್ಟು ನಡೆಯುತ್ತಿದ್ದುದು ಅಠಾರಾ ಕಚೇರಿಯಲ್ಲಿ. 1868ರಲ್ಲಿ ಮುಗಿದ ಆ ಕೆಂಪು ಕಟ್ಟಡದಲ್ಲಿ ಸರ್ಕಾರದ 18 ಇಲಾಖೆಗಳಿದ್ದುದರಿಂದ ಅದಕ್ಕೆ ಆ ಹೆಸರು. ಅದರ ನಿರ್ಮಾಣದಲ್ಲಿ ಕೈಜೋಡಿಸಿದವರು ದಂಡಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. 1873ರಲ್ಲಿ ಬಡ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ಇಂದಿನ ಆರ್.ಬಿ.ಎ.ಎನ್.ಎಂ. ಸಂಸ್ಥೆಗಳಿಗೆ ಬೀಜ ಬಿತ್ತಿದ ಪುಣ್ಯಾತ್ಮರು. ಅದೇ ಕಾಲದಲ್ಲಿ, 1882ರಲ್ಲಿ, ಶಿವಾಜಿನಗರದ ಸಂತ ಮೇರಿಯಮ್ಮನವರ ದೇವಾಲಯವೂ ಪೂರ್ಣಗೊಂಡಿತು. ದಂಡಿನಲ್ಲಿ ತಮಿಳು, ತೆಲುಗು, ಉರ್ದು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. 1901ರ ಜನಗಣತಿಯ ಪ್ರಕಾರ ಪೇಟೆಯಲ್ಲಿ 69,447 ಜನರಿದ್ದರೆ ದಂಡಿನಲ್ಲಿ 89,599 ಜನರಿದ್ದರು. ಇಷ್ಟೊಂದು ಜನ ಸಂಸ್ಥಾನದ ರಾಜಧಾನಿಯ ಮಗ್ಗುಲಲ್ಲಿಯೇ ಇದ್ದರೂ ಮೈಸೂರಿನ ಮುಖ್ಯ ನ್ಯಾಯಾಧೀಶರ ಆಜ್ಞೆ ಅವರಿಗೆ ಅನ್ವಯಿಸುತ್ತಿರಲಿಲ್ಲ. ಈ ಗಡಿ ಅಳಿದು ಎರಡು ಬೆಂಗಳೂರುಗಳು ಒಂದೇ ಆಡಳಿತಕ್ಕೆ ಬಂದದ್ದು 1947ರಲ್ಲಿ.

ನ್ಯಾಯಪೀಠದಿಂದ ರಾಜ್ಯಭಾರಕ್ಕೆ

ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ರಜೆಯಲ್ಲಿದ್ದಾಗ ಹಲವು ಬಾರಿ ಹಂಗಾಮಿ ದಿವಾನರಾಗಿ ರಾಜ್ಯಭಾರವನ್ನು ನೋಡಿಕೊಂಡವರು ತಂಬುಚೆಟ್ಟಿಯವರೇ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮೃತ್ಯುವಿಗೆ ತುತ್ತಾದರು. ಯುವರಾಜ ಕೃಷ್ಣರಾಜ ಒಡೆಯರಿಗೆ ಆಗ ಕೇವಲ 10 ವರ್ಷ. ಮಹಾರಾಣಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯದ ಹೊಣೆಯನ್ನು ಹೊತ್ತರು. ಅವರಿಗೆ ನೆರವಾಗಲು ಏರ್ಪಟ್ಟ ಮಂತ್ರಾಲೋಚನಾ ಸಭೆಯಲ್ಲಿ ಶೇಷಾದ್ರಿ ಅಯ್ಯರ್, ತಂಬುಚೆಟ್ಟಿ, ಪಿ.ಎನ್. ಕೃಷ್ಣಮೂರ್ತಿ, ಅಬ್ದುಲ್ ರಹಮಾನ್ ಎಂಬ ನಾಲ್ವರಿದ್ದರು. ಪತಿಯನ್ನು ಕಳೆದುಕೊಂಡ ತರುಣಿಯೊಬ್ಬಳು, ಬಾಲಕನಾದ ಅರಸು, ಅವರಿಬ್ಬರ ಬೆಂಬಲಕ್ಕೆ ನಿಂತ ಇಬ್ಬರು ಬ್ರಾಹ್ಮಣರು, ಒಬ್ಬ ಕ್ರೈಸ್ತರು, ಒಬ್ಬ ಮುಸಲ್ಮಾನರು! ಈ ಚಿತ್ರವನ್ನು ನಮ್ಮ ಮನೆಯ ಮಕ್ಕಳಿಗೆ ತೋರಿಸಬೇಕು.

ಆ ವರ್ಷಗಳು ಸುಖದ ವರ್ಷಗಳೇನಲ್ಲ. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಪ್ಲೇಗ್ ಮಹಾಮಾರಿ ಬೆಂಗಳೂರನ್ನು ಹೊಕ್ಕಿತು; 1891ರಲ್ಲಿ 1,80,366 ಇದ್ದ ಎರಡೂ ಬೆಂಗಳೂರುಗಳ ಒಟ್ಟು ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಈ ಸಂಕಟಗಳ ನಡುವೆಯೇ ಮಾರಿಕಣಿವೆಯಲ್ಲಿ ವಾಣೀವಿಲಾಸ ಸಾಗರದ ಕಟ್ಟೆ ಏಳುತ್ತಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು.

1900ರ ಆಗಸ್ಟಿನಲ್ಲಿ ಶೇಷಾದ್ರಿ ಅಯ್ಯರ್ ಅವರ ಆರೋಗ್ಯ ಕೆಟ್ಟಾಗ, 63 ವರ್ಷದ ತಂಬುಚೆಟ್ಟಿಯವರ ಹೆಗಲಿಗೆ ಮತ್ತೆ ದಿವಾನಗಿರಿ ಬಂದಿತು. 1901ರ ಮಾರ್ಚ್ 18ರಂದು ಪಿ.ಎನ್. ಕೃಷ್ಣಮೂರ್ತಿಯವರು ದಿವಾನರಾಗುವವರೆಗೆ ಅವರು ಆ ಭಾರವನ್ನು ಹೊತ್ತರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ಆರಂಭವಾದದ್ದು ಅವರು ಹಂಗಾಮಿ ದಿವಾನರಾಗಿದ್ದಾಗ. ಹಂಗಾಮಿ ಅಧಿಕಾರಿಯ ಹೆಸರು ಶಿಲಾಫಲಕಗಳಲ್ಲಿ ಬರುವುದು ಅಪರೂಪ. ಇನ್ನೊಬ್ಬರು ಆರಂಭಿಸಿದ ಕೆಲಸ ಕೆಡದಂತೆ ನೋಡಿಕೊಂಡು, ಮುಂದಿನವರಿಗೆ ಒಪ್ಪಿಸಿ ಹೋಗುವುದು ಅವನ ಪಾಲಿನ ಕಾಯಕ. 1907ರ ಜೂನ್ 19ರಂದು, ತಮ್ಮ 70ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು.

ಗುಣಕಥನದ ಭರದಲ್ಲಿ ಸತ್ಯವನ್ನು ಮರೆಮಾಡಬಾರದು. ಒಬ್ಬರೇ ನ್ಯಾಯಾಧೀಶರೂ ಆಗಿದ್ದು, ಆಗಾಗ ದಿವಾನರ ಸ್ಥಾನದಲ್ಲಿಯೂ ಕುಳಿತುಕೊಳ್ಳುವ ಪದ್ಧತಿಯನ್ನು ನಾವು ಇಂದು ಒಪ್ಪುವುದಿಲ್ಲ. ಆಳುವವನೂ ತೀರ್ಪು ಕೊಡುವವನೂ ಬೇರೆಬೇರೆಯಾಗಿರಬೇಕೆಂದು ನಮ್ಮ ಸಂವಿಧಾನದ 50ನೆಯ ಅನುಚ್ಛೇದ ನಿರ್ದೇಶಿಸಿದೆ. ಅದಲ್ಲದೆ, ಆ ಕಾಲದಲ್ಲಿ ಸಂಸ್ಥಾನದ ದೊಡ್ಡ ಹುದ್ದೆಗಳೆಲ್ಲ ಮದರಾಸಿನಿಂದ ಬಂದವರ ಪಾಲಾಗುತ್ತಿವೆಯೆಂಬ ಅಸಮಾಧಾನ ಮೈಸೂರಿಗರಲ್ಲಿ ದಟ್ಟವಾಗಿತ್ತು. ಆ ಅಸಮಾಧಾನಕ್ಕೆ ಕಾರಣವೂ ಇತ್ತು. ನಾಡಿನ ಮಕ್ಕಳಾದ ಲಿಂಗಾಯತರು, ಒಕ್ಕಲಿಗರು, ಇತರ ದುಡಿಯುವ ಜನರು ಸರ್ಕಾರದ ಕಚೇರಿಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದರು.

ಅದೇ ಪೀಠಕ್ಕೆ ನಮ್ಮ ಋಣ

ಈ ಕೊರತೆಯನ್ನು ತುಂಬುವ ಮಾರ್ಗವನ್ನು ತೋರಿದ್ದೂ ಅದೇ ಮುಖ್ಯ ನ್ಯಾಯಾಧೀಶರ ಪೀಠವೆಂಬುದನ್ನು ನಮ್ಮ ಸಮಾಜ ಮರೆಯಬಾರದು. ಹಿಂದುಳಿದ ಸಮಾಜಗಳ ಮುಖಂಡರು ತಮ್ಮ ಅಹವಾಲನ್ನು ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಾಗ, 1918ರಲ್ಲಿ ಪ್ರಭುಗಳು ವಿಚಾರಣಾ ಸಮಿತಿಯೊಂದನ್ನು ನೇಮಿಸಿದರು. ಅದರ ಅಧ್ಯಕ್ಷತೆಗೆ ಅವರು ಆರಿಸಿದ್ದು ಚೀಫ್ ಕೋರ್ಟಿನ ಅಂದಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರನ್ನು. ಇಬ್ಬರಿಗೂ ಸೇರದ ಒಬ್ಬರು ಇಬ್ಬರ ಮಾತನ್ನೂ ಕೇಳಿ ಹೇಳಬೇಕಾದ ವಿಷಯ ಅದಾಗಿತ್ತು.

ಮಿಲ್ಲರ್ ಸಮಿತಿ 1919ರಲ್ಲಿ ವರದಿಯನ್ನೊಪ್ಪಿಸಿತು. ಏಳು ವರ್ಷಗಳೊಳಗಾಗಿ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ, ಬ್ರಾಹ್ಮಣೇತರ ಸಮಾಜಗಳಿಗೆ ದೊರೆಯಬೇಕೆಂದು ಅದು ಸಲಹೆ ಮಾಡಿತು. ವಿದ್ಯಾರ್ಥಿವೇತನಗಳ ವಿಷಯವನ್ನೂ ಎತ್ತಿತು. 1921ರಲ್ಲಿ ಸರ್ಕಾರ ಆ ದಿಕ್ಕಿನಲ್ಲಿ ಆಜ್ಞೆ ಹೊರಡಿಸಿತು. ಅಂದು ನೇಗಿಲ ಮನೆಯಿಂದ, ಅಂಗಡಿ ಮನೆಯಿಂದ ಶಾಲೆಗೆ ಹೋದ ನಮ್ಮ ಅಜ್ಜಂದಿರಿಗೆ ಕಚೇರಿಯ ಬಾಗಿಲು ತೆರೆಯುವುದರಲ್ಲಿ ಆ ವರದಿಯ ಪಾತ್ರ ದೊಡ್ಡದು.

ತಮ್ಮ ಹೆಸರಿನ ಮೊದಲಕ್ಷರದಲ್ಲಿಯೇ ಕೃಷ್ಣರಾಜಪುರವನ್ನು ಹೊತ್ತಿದ್ದ ನಮ್ಮ ಸಮಾಜದ ಹಿರಿಯ ಚೇತನ ಸರ್ ಕೆ.ಪಿ. ಪುಟ್ಟಣ್ಣಚೆಟ್ಟರನ್ನು (1856–1938) ಇಲ್ಲಿ ಸ್ಮರಿಸುವುದು ಉಚಿತ. ಸಂಸ್ಥಾನದ ಸೇವೆಯಲ್ಲಿ ಕೌನ್ಸಿಲಿನ ಸದಸ್ಯತ್ವದವರೆಗೆ ಏರಿ, ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿ ದುಡಿದ ಅವರ ಹೆಸರನ್ನು ಪುರಭವನ ಹೊತ್ತು ನಿಂತಿದೆ. ಪೂರ್ವದ ಸೀಮೆಯ ನೆನಪಿಗೆ ಸೇರಿದ ಈ ಎರಡು ‘ಚೆಟ್ಟಿ’ ಹೆಸರುಗಳಲ್ಲಿ ಒಂದು ಶಿವಭಕ್ತರದು, ಇನ್ನೊಂದು ಕ್ರಿಸ್ತಭಕ್ತರದು. ಸಂಸ್ಥಾನದ ಕಚೇರಿಯಲ್ಲಿ ಇಬ್ಬರ ಕಾಯಕವೂ ಒಂದೇ ಆಗಿತ್ತು.

ಆ ಸೌಹಾರ್ದ ಮುಂದಿನ ತಲೆಮಾರಿಗೂ ಹರಿಯಿತು. ತಂಬುಚೆಟ್ಟಿ ಮನೆತನದ ಸರ್ ಟಿ. ತಂಬುಚೆಟ್ಟಿಯವರು ಮಹಾರಾಜರ ಕಾರ್ಯದರ್ಶಿಗಳಾಗಿದ್ದರು. 1926ರಲ್ಲಿ ಸಂತ ಫಿಲೋಮಿನಾರ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿದವರು ಅವರು. ಆ ಹೆಸರಿನ ಮಹಾದೇವಾಲಯಕ್ಕೆ 1933ರಲ್ಲಿ ಅಡಿಗಲ್ಲನ್ನಿಟ್ಟವರು ಸ್ವತಃ ನಾಲ್ವಡಿಯವರು.

ಶರಣರ ದೃಷ್ಟಿಯಲ್ಲಿ ನ್ಯಾಯ

ನ್ಯಾಯಪೀಠದ ಮಹತ್ವವನ್ನು ಅರಿಯಲು ನಮ್ಮ ಶರಣಚರಿತ್ರೆಯಲ್ಲಿಯೇ ಎರಡು ಪ್ರಸಂಗಗಳಿವೆ. ಎರಡೂ ಕಲ್ಯಾಣದಲ್ಲಿ, ಬಿಜ್ಜಳನ ಆಸ್ಥಾನದಲ್ಲಿ ನಡೆದವೆಂದು ಪರಂಪರೆ ಹೇಳುತ್ತದೆ. ಭಂಡಾರಿ ಬಸವಣ್ಣನವರು ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಮತ್ಸರಿಗಳು ದೂರಿತ್ತರು. ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ, ಲೆಕ್ಕವನ್ನು ಎಣಿಸಿ ನೋಡಬೇಕೆಂದರು. ಬೊಕ್ಕಸವನ್ನು ಎಣಿಸಲಾಗಿ ಒಂದು ಹಾಗವೂ ಕಡಿಮೆಯಿರಲಿಲ್ಲ. ವಿಚಾರಣೆ ನಡೆಯಿತು, ಸತ್ಯ ಹೊರಬಿತ್ತು.

ಇನ್ನೊಂದು ಪ್ರಸಂಗ ಹರಳಯ್ಯ ಮಧುವರಸರದು. ಸಮಗಾರ ಕುಲದಿಂದ ಬಂದ ಶರಣನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣನ ಮಗಳಿಗೂ ವಿವಾಹವಾಯಿತೆಂಬುದೇ ಅಪರಾಧವೆನಿಸಿತು. ಅಲ್ಲಿ ಸಾಕ್ಷಿಯಿಲ್ಲ, ವಾದವಿಲ್ಲ, ಆಪಾದಿತರ ಮಾತನ್ನು ಕೇಳುವ ಕಿವಿಯಿಲ್ಲ. ಎಳೆಹೂಟೆಯ ಘೋರ ಶಿಕ್ಷೆಯಾಯಿತು. ಕಲ್ಯಾಣವೇ ಹೊತ್ತಿ ಉರಿಯಿತು. ಅರಸ ಅವನೇ, ಆಸ್ಥಾನ ಅದೇ. ಒಂದರಲ್ಲಿ ವಿಚಾರಣೆಯಿತ್ತು, ಇನ್ನೊಂದರಲ್ಲಿ ಗುಂಪಿನ ಒತ್ತಡವಿತ್ತು. ಅರಸನ ಮನಸ್ಸಿನ ಏರಿಳಿತಕ್ಕೆ ಪ್ರಜೆಯ ಪ್ರಾಣವನ್ನು ಒಪ್ಪಿಸದೆ, ನಿಯಮಕ್ಕೆ ಒಪ್ಪಿಸುವ ಸಂಸ್ಥೆಯೊಂದು ನಾಡಿಗೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. 1884ರ ಚೀಫ್ ಕೋರ್ಟು ಅಂತಹ ಸಂಸ್ಥೆಯಾಗಿತ್ತು. ಅದೇ 1930ರಲ್ಲಿ ಮೈಸೂರು ಹೈಕೋರ್ಟೆಂದೂ, ಅದರ ಮುಖ್ಯ ನ್ಯಾಯಾಧೀಶರು ಮುಖ್ಯ ನ್ಯಾಯಮೂರ್ತಿಗಳೆಂದೂ ಹೆಸರಾದರು. 1973ರಲ್ಲಿ ಅದು ಕರ್ನಾಟಕ ಹೈಕೋರ್ಟಾಯಿತು. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದ ಮೇಲೆ, ಉತ್ತರದ ನಮ್ಮ ಬಂಧುಗಳಿಗೆ ಬೆಂಗಳೂರಿನ ಅಲೆದಾಟವೂ ತಪ್ಪಿತು.

ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಬಂದವರ ಕುಲವನ್ನು ಕೇಳಲಿಲ್ಲ, ಅನುಭವವನ್ನು ಪರೀಕ್ಷಿಸಿದರು. ಅಕ್ಕಮಹಾದೇವಿಯನ್ನೂ ಸಿದ್ಧರಾಮರನ್ನೂ ಕಠಿನ ಪ್ರಶ್ನೆಗಳ ನಿಕಷಕ್ಕೆ ಒಡ್ಡಿದರು. ಪರೀಕ್ಷೆ ನಿಷ್ಠುರವಾಗಿತ್ತು, ಪಕ್ಷಪಾತ ಎಳ್ಳಷ್ಟೂ ಇರಲಿಲ್ಲ. ಶೂನ್ಯಸಿಂಹಾಸನಕ್ಕೂ ನ್ಯಾಯಾಸನಕ್ಕೂ ಈ ಒಂದು ಗುಣ ಸಮಾನ.

ಹೀಗಿರುವಾಗ ನಮ್ಮಲ್ಲಿ ಬೆಳೆಯುತ್ತಿರುವ ಒಂದು ದುರಭ್ಯಾಸವನ್ನು ಕುರಿತು ಹೇಳದೆ ಇರಲಾರೆ. ಯಾರಾದರೂ ನ್ಯಾಯಾಧೀಶರಾಗಿ ನೇಮಕವಾದರೆಂಬ ಸುದ್ದಿ ಬಂದೊಡನೆ ‘ಅವರು ಯಾವ ಜನ?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ನಮ್ಮವರಾದರೆ ಸನ್ಮಾನದ ಏರ್ಪಾಡು, ಅನ್ಯರಾದರೆ ಅನುಮಾನ. ನಮ್ಮ ಸಮಾಜದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿದ ಮಹನೀಯರಿದ್ದಾರೆ. ಅವರ ಬಗ್ಗೆ ಹೆಮ್ಮೆಪಡುವುದು ಸಹಜ. ಆದರೆ ‘ನಮ್ಮವರು’ ಎಂಬ ಸಲಿಗೆಯಿಂದ ಅವರ ಬಾಗಿಲಿಗೆ ಶಿಫಾರಸು ಹಿಡಿದು ಹೋದರೆ, ಅವರ ಪೀಠಕ್ಕೆ ನಾವೇ ಮಸಿ ಬಳಿದಂತೆ. ತಂಬುಚೆಟ್ಟಿಯವರ ಮುಂದೆ ನಿಂತ ಕಕ್ಷಿಗಾರರಲ್ಲಿ ಅವರ ಮತದವರು ಎಷ್ಟು ಮಂದಿ ಇದ್ದಾರು? ವಿಭೂತಿಧಾರಿಗಳು, ನಾಮಧಾರಿಗಳು, ಟೋಪಿಧಾರಿಗಳು ಎಲ್ಲರೂ ತಮ್ಮ ಮನೆಮಾರುಗಳ ಅಳಿವು ಉಳಿವನ್ನು ಆ ಕ್ರೈಸ್ತ ನ್ಯಾಯಾಧೀಶರ ಕೈಯಲ್ಲಿಟ್ಟರು. ಯಾರನ್ನೂ ಅನ್ಯರೆಂದು ದೂರ ಮಾಡದೆ ತನ್ನವರೆಂದು ಒಳಗೊಳ್ಳಬೇಕೆಂದು ಬೋಧಿಸಿದ ಬಸವಣ್ಣನವರ ಮಕ್ಕಳಾದ ನಾವು ಅಂತಹವರನ್ನು ನಮ್ಮವರೆಂದೇ ಎಣಿಸಬೇಕು.

ನಮ್ಮ ಮನೆಗಳಿಗೆ ಪಾಠ

ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ, ಸುತ್ತಲಿನ ಹಳ್ಳಿಗಳವರು ಪಾಲು ಪಾರೀಕತ್ತಿನ ತಕರಾರುಗಳನ್ನು ಹಿರಿಯ ಶ್ರೀಗಳವರ ಸನ್ನಿಧಿಗೆ ತರುತ್ತಿದ್ದುದನ್ನು ನಾನು ಕಂಡಿದ್ದೇನೆ. ವ್ಯಾಜ್ಯ ತೀರುವವರೆಗೆ ಎರಡು ಪಕ್ಷದವರಿಂದಲೂ ಕಾಣಿಕೆಯನ್ನು ಸ್ವೀಕರಿಸಬಾರದೆಂದು ಶ್ರೀಗಳವರ ಕಟ್ಟಪ್ಪಣೆಯಿತ್ತು. ಮಾತನಾಡಲು ಹಿಂಜರಿಯುವವನನ್ನು ಮೊದಲು ಮಾತನಾಡಿಸುತ್ತಿದ್ದರು. ಮನೆಯ ಹೆಣ್ಣುಮಕ್ಕಳನ್ನು ಕರೆಸದೆ ತೀರ್ಮಾನ ಹೇಳುತ್ತಿರಲಿಲ್ಲ. ಕಾಯಿದೆಯ ಪುಸ್ತಕ ಅಲ್ಲಿರಲಿಲ್ಲ, ನ್ಯಾಯದ ಕ್ರಮ ಮಾತ್ರ ಇತ್ತು.

ಇಂದು ನಗರದ ಭೂಮಿಗೆ ಬಂಗಾರದ ಬೆಲೆ ಬಂದಿದೆ. ಕೃಷ್ಣರಾಜಪುರ, ತಂಬುಚೆಟ್ಟಿಪಾಳ್ಯಗಳ ಸುತ್ತ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗಿವೆ. ಹಣ ಬಂದ ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ನಿಂತಿದೆ. ಅಕ್ಕತಂಗಿಯರಿಗೆ ಸೀರೆ ಕುಪ್ಪಸ ಕೊಟ್ಟು, ಓದಲು ಬಿಡದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪರಿಪಾಠವೂ ಕೆಲವು ಮನೆಗಳಲ್ಲಿದೆ. ಇದು ಧರ್ಮಕ್ಕೂ ಸಲ್ಲದು, ಕಾಯಿದೆಗೂ ಸಲ್ಲದು. ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಕಾಯಿದೆ ಮಾಡಿ ದಾರಿ ತೋರಿತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಪ್ರಕರಣ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಪಾಲುಂಟೆಂದು 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿ, ಅಂದಿನವರೆಗೆ ಮದುವೆಯಾಗದಿದ್ದವರಿಗೆ ಅದನ್ನು ಕೊಟ್ಟಿತು; 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ವಿಸ್ತರಿಸಿತು. 2005ರಲ್ಲಿ ತಂದೆ ಜೀವಂತರಾಗಿರಲೇಬೇಕೆಂಬ ನಿರ್ಬಂಧವಿಲ್ಲವೆಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಇಷ್ಟಲಿಂಗವನ್ನು ಕೊಡುವಾಗ ಗಂಡು ಹೆಣ್ಣೆಂಬ ಭೇದವೆಣಿಸದ ಧರ್ಮ ನಮ್ಮದು. ಪಾಲು ಕೊಡುವಾಗ ಆ ಭೇದವನ್ನು ಹುಡುಕುವುದು ಎಷ್ಟರಮಟ್ಟಿಗೆ ಸರಿ?

ವ್ಯಾಜ್ಯ ಬಂದೇಬಿಟ್ಟರೆ ಮೊದಲು ಮನೆಯ ಹಿರಿಯರೆದುರು ಕುಳಿತು ಮಾತನಾಡಬೇಕು. ಅಲ್ಲಿ ಬಗೆಹರಿಯದಿದ್ದರೆ ಲೋಕ ಅದಾಲತ್ ಇದೆ. 2007ರಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವಿದೆ. ಕೊನೆಗೆ ನ್ಯಾಯಾಲಯವನ್ನೇ ಹತ್ತಬೇಕಾದರೂ ಸುಳ್ಳು ಸಾಕ್ಷಿ, ತಿದ್ದಿದ ಪತ್ರಗಳ ಮೊರೆಹೋಗದೆ ಸತ್ಯವನ್ನೇ ಹೇಳಬೇಕು. ನ್ಯಾಯಾಧೀಶನು ಎಷ್ಟೇ ಪ್ರವೀಣನಾಗಿರಲಿ, ಕಕ್ಷಿಗಾರರು ಸುಳ್ಳನ್ನೇ ಮುಂದಿಟ್ಟರೆ ಅವನ ತಕ್ಕಡಿಯಲ್ಲಿ ತೂಗುವುದು ಸುಳ್ಳೇ. ನ್ಯಾಯಪೀಠದ ಗೌರವವನ್ನು ಕಾಪಾಡುವ ಹೊಣೆಯಲ್ಲಿ ಅರ್ಧಪಾಲು ಕಟಕಟೆಯಲ್ಲಿ ನಿಂತವನದು.

ಅಠಾರಾ ಕಚೇರಿಯನ್ನು ಕೆಡವಿ ಹೊಸ ಕಟ್ಟಡ ಕಟ್ಟಬೇಕೆಂಬ ಆಲೋಚನೆ 1980ರ ದಶಕದಲ್ಲಿ ಬಂದಿತ್ತು. ನಾಗರಿಕರು ಎಚ್ಚೆತ್ತು ನ್ಯಾಯಾಲಯದ ಮೊರೆಹೊಕ್ಕರು. ಆ ಕೆಂಪು ಕಟ್ಟಡ ಉಳಿಯಿತು. ಕಟ್ಟಡವನ್ನು ಹೀಗೆ ಉಳಿಸಿಕೊಂಡ ನಾವು, ಅದರೊಳಗೆ ಕುಳಿತು ದುಡಿದವರ ಹೆಸರುಗಳನ್ನೂ ಉಳಿಸಿಕೊಳ್ಳಬೇಕು. ಆ ಹೆಸರುಗಳಲ್ಲಿ ತಂಬುಚೆಟ್ಟಿಯವರದು ಮೊದಲ ಸಾಲಿನದು. ಪೂರ್ವ ಬೆಂಗಳೂರಿನಲ್ಲಿ ವಾಸಿಸುವ ನಮ್ಮ ತಾಯಂದಿರು, ತಂದೆಯವರು ತಮ್ಮ ಮಕ್ಕಳಿಗೆ ಆ ಊರಿನ ಹೆಸರನ್ನು ಪೂರ್ತಿಯಾಗಿ ಹೇಳಿಕೊಡಲಿ. ಸಣ್ಣ ಕಾರಕೂನಿಕೆಯಿಂದ ಹೊರಟು, ಮಾತಿನ ತೂಕವನ್ನು ಅರಿತು, ತನ್ನವರು ಪರರೆಂಬ ಭೇದವಿಲ್ಲದ ಪೀಠದಲ್ಲಿ ಕುಳಿತ ಒಬ್ಬ ಕಾಯಕಜೀವಿಯ ಹೆಸರು ಅದೆಂದು ತಿಳಿಸಲಿ. ಆ ಮಕ್ಕಳಲ್ಲಿ ಒಬ್ಬರಾದರೂ ನಾಳೆ ನ್ಯಾಯಪೀಠವನ್ನೇರಿ, ಎದುರಿಗೆ ನಿಂತವರ ಕುಲವನ್ನು ಕೇಳದೆ ಅವರ ಮಾತನ್ನು ಕೇಳುವಂತಾಗಲಿ ಎಂದು ಬಸವಾದಿ ಪ್ರಮಥರಲ್ಲಿ ಪ್ರಾರ್ಥಿಸುತ್ತೇನೆ.